ಹರಿಕ, ಥಾಮೃತ, ಸಾರ

ಅಜ್ಜಿ ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಮುಂದೆ ತಟ್ಟೆಯಲ್ಲಿ ಬೀಜ ಬಿಡಿಸಿದ ಹತ್ತಿ. ಪಕ್ಕದ ಬಟ್ಟಲಲ್ಲಿ ಬೆರಳು ಅದ್ದಿಕೊಳ್ಳಲು ಸ್ವಲ್ಪ ಹಾಲು. ಬಾಯಲ್ಲಿ ಜಗನ್ನಾಥದಾಸರ ಹರಿಕಥಾಮೃತಸಾರ. ಅವಳಿಗೆ ಓದಲು ಬರುತ್ತಿತ್ತು. ಆದರೆ ಪುಸ್ತಕ ಮುಂದಿಟ್ಟುಕೊಂಡು ಅದನ್ನು ಹೇಳಿದ್ದನ್ನು ನಾನು ಯಾವತ್ತೂ ನೋಡಲಿಲ್ಲ. ಅವಳ ತಾಯಿ ಹೇಳುತ್ತಿದ್ದದ್ದನ್ನು ಕೇಳಿ ಕೇಳಿ ಬಾಯಿಗೆ ಬಂದಿತ್ತು ಅಷ್ಟೆ. ಪ್ರತಿ ಸಂಧಿಯ, ಅಂದರೆ ಅಧ್ಯಾಯದ, ಮೊದಲು ಆ ಪಲ್ಲವಿ ಬರುತ್ತದಲ್ಲ, ಅದನ್ನು ಅವಳು ಹೇಳುತ್ತಿದ್ದ ರೀತಿ ಹೀಗಿತ್ತು: ಹರಿಕ, ಥಾಮೃತ, ಸಾರ, ಗುರುಗಳ. ಕರುಣ, ದಿಂದಾ, ಪನಿತು, ಪೇಳುವೆ.

ನಾನಾಗ ಒಂಬತ್ತನೇ ತರಗತಿ. ಶಾಲೆಯಲ್ಲಿ ಸಂಧಿ ಬಿಡಿಸುವುದನ್ನು ಹೊಸದಾಗಿ ಕಲಿತಿದ್ದೆ. ಕಂಡ ಕಂಡ ಪದವನ್ನೆಲ್ಲ ಬಿಡಿಸುವ ಹುಮ್ಮಸ್ಸು. ಒಂದು ದಿನ ಅಜ್ಜಿಯ ಎದುರಿಗೆ ಕೂತು, "ಅಜ್ಜಿ, ನೀ ತಪ್ಪು ಒಡೀತಿ. ಹರಿಕ ಅಂತ ಪದಾನೇ ಇಲ್ಲ. ಹರಿ, ಕಥಾ, ಅಮೃತ, ಸಾರ. ಹಂಗ ಬಿಡಿಸಿ ಹೇಳಬೇಕು" ಅಂದೆ. ಅವಳಿಗೆ ಬೇಸರ ಆಗಲಿಲ್ಲ. ಮೊಮ್ಮಗ ಓದಿದವನು, ಸರಿಯಾಗೇ ಹೇಳಿರಬೇಕು ಅನ್ನುವ ಮುಖ ಮಾಡಿದಳು. "ಹಂಗೇನು?" ಅಂತ ಕೇಳಿ, ನಾನು ಹೇಳಿದ ಹಾಗೆ ಶುರು ಮಾಡಿದಳು. ಹರಿ... ಕಥಾ... ಅಮೃತ... ಸಾರ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ "ಕರುಣದಿಂದ" ಅಂದು ನಿಂತಳು. ಮುಂದಿನದು ಬರಲಿಲ್ಲ. ದಿನಾ ಹೇಳುತ್ತಿದ್ದ ಸಾಲು, ಲೆಕ್ಕವಿಲ್ಲದಷ್ಟು ಸಲ ಹೇಳಿದ್ದ ಸಾಲು, ಬರಲೇ ಇಲ್ಲ. ಅವಳ ಕೈ ಕೂಡ ನಿಂತಿತ್ತು. ಅರ್ಧ ಹೊಸೆದ ಬತ್ತಿ ಅಂಗೈ ಮೇಲೆ ಹಾಗೇ ಇತ್ತು. ಸ್ವಲ್ಪ ಹೊತ್ತು ಸುಮ್ನೆ ಕೂತು, "ಬ್ಯಾಡೋ ತಮ್ಮಾ, ನೀ ಹೇಳಿದಂಗ ಅಂದ್ರ ಮುಂದಿಂದು ಬರವಲ್ದು" ಅಂದಳು. ಮತ್ತೆ ಮೊದಲಿಂದ, ತನ್ನ ರೀತಿಯಲ್ಲೇ ಹಿಡಿದಳು. ಆಗ ನದಿ ಹರಿದ ಹಾಗೆ ಹೋಯಿತು.

ಅಜ್ಜಿ ತೀರಿಕೊಂಡು ಬಹಳ ವರ್ಷ ಆಯಿತು. ಆ ನಿಂತ ಕೈ ಮಾತ್ರ ನನ್ನ ಕಣ್ಣಿಂದ ಹೋಗಿಲ್ಲ. ಅರ್ಥ ನೋಡಿ ಬಿಡಿಸಿದ್ದು ತಪ್ಪಾಗಿರಲಿಲ್ಲ. ಹಾಗಾದರೆ ಸರಿಯಾಗಿ ಬಿಡಿಸಿದ ಕೂಡಲೇ ಪದ್ಯ ಅವಳ ಬಾಯಿಂದ ಯಾಕೆ ಹಾರಿಹೋಯಿತು?

ಗೆರೆ ಹಾಕಿದ ದಿನ

ಉತ್ತರದ ಮೊದಲ ತುಣುಕು ಸಿಕ್ಕಿದ್ದು ಹೋದ ವರ್ಷ. ಅಕ್ಕನ ಮಗಳು ಈಗ ಒಂಬತ್ತನೇ ತರಗತಿ. ಆರು ಸಾಲಿನ ಭಾಮಿನಿ ಷಟ್ಪದಿಯ ಪದ್ಯಕ್ಕೆ ಪ್ರಸ್ತಾರ, ಅಂದರೆ ಅಕ್ಷರಗಳ ಅಳತೆಯ ಗುರುತು, ಹಾಕಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರು. "ಮಾಮಾ, ಪುಸ್ತಕದಲ್ಲಿ ಇಲ್ಲದ್ದು ಒಂದು ಕೊಡು" ಅಂದಳು. ನನಗೆ ಬಾಯಿಗೆ ಬರುವ ಭಾಮಿನಿ ಅಂದರೆ ಅಜ್ಜಿಯ ಆ ಪಲ್ಲವಿಯೊಂದೇ, ಷಟ್ಪದಿಯ ಅರ್ಧ. ಅವಳ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟೆ. ಪದಗಳ ನಡುವೆ ಜಾಗ ಬಿಡದೆ, ಒಂದೊಂದೇ ಅಕ್ಷರವಾಗಿ. ಅವಳು ಪೆನ್ಸಿಲ್ ಹಿಡಿದು ಒಂದು ಮಾತ್ರೆಯ ಲಘುವಿಗೆ ಬಟ್ಟಲಿನಂಥ ಗುರುತು, ಎರಡು ಮಾತ್ರೆಯ ಗುರುವಿಗೆ ಅಡ್ಡಗೆರೆ ಹಾಕುತ್ತಾ ಹೋದಳು. ಆಮೇಲೆ ಮೂರು ಮಾತ್ರೆಗೊಂದು, ನಾಲ್ಕಕ್ಕೊಂದು ಉದ್ದ ಗೆರೆ ಎಳೆದು ಗಣ ಮಾಡಿದಳು.

ಹರಿಕ | ಥಾಮೃತ | ಸಾರ | ಗುರುಗಳ
ಕರುಣ | ದಿಂದಾ | ಪನಿತು | ಪೇಳುವೆ
ಪರಮ | ಭಗವದ್ | ಭಕ್ತ | ರಿದನಾ | ದರದಿ | ಕೇಳುವು | ದು

"ಸರಿ ಇದೆಯಾ ಮಾಮಾ?" ಅಂತ ಗಟ್ಟಿಯಾಗಿ ಓದಿ ತೋರಿಸಿದಳು. ಹರಿಕ, ಥಾಮೃತ, ಸಾರ, ಗುರುಗಳ. ಈ ಹುಡುಗಿ ನನ್ನ ಅಜ್ಜಿಯನ್ನು ನೋಡಿದವಳೇ ಅಲ್ಲ. ಆದರೆ ಅವಳ ಬಾಯಲ್ಲಿ ಬಂದದ್ದು ಅಜ್ಜಿಯ ಹರಿಕ, ಅಜ್ಜಿಯ ಥಾಮೃತ. ಪೆನ್ಸಿಲ್ ಗೆರೆ ಬಿದ್ದ ಜಾಗದಲ್ಲೇ ಅಜ್ಜಿಯ ದನಿ ಒಂದು ಚೂರು ಒತ್ತಿ ಹೋಗುತ್ತಿತ್ತು. ಒಂದು ಗಣವೂ ಆಚೀಚೆ ಇಲ್ಲ. ಮಾತ್ರೆ, ಗಣ ಅನ್ನುವ ಮಾತನ್ನು ಅಜ್ಜಿ ಕೇಳಿರಲಿಕ್ಕೂ ಇಲ್ಲ. ನಾನು ತಪ್ಪು ಅಂದಿದ್ದು ಛಂದಸ್ಸಿನ ಲೆಕ್ಕದಲ್ಲಿ ನೂರಕ್ಕೆ ನೂರು ಸರಿ ಇತ್ತು. ಹುಡುಗಿಗೆ "ಸರಿ ಇದೆ ಪುಟ್ಟಾ" ಅಂದೆ. ಆ ಮಾತು ಕೇಳಬೇಕಾದವಳು ಬೇರೆ ಒಬ್ಬಳಿದ್ದಳು.

ಆವತ್ತು ರಾತ್ರಿ ಆ ಹಾಳೆ ಮುಂದಿಟ್ಟುಕೊಂಡು ತುಂಬ ಹೊತ್ತು ಕೂತೆ. ನಾವು ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ಅಂಕಕ್ಕೋಸ್ಕರ. ಬಾಯಿ ಮುಚ್ಚಿ, ಕಣ್ಣಲ್ಲಿ ನೋಡಿ, ಪೆನ್ಸಿಲಲ್ಲಿ ಎಣಿಸಿ. ಸಾಲನ್ನು ಒಮ್ಮೆ ಗಟ್ಟಿಯಾಗಿ ಹೇಳಿ ಅಂತ ಯಾರೂ ಹೇಳಲಿಲ್ಲ. ಈಜುವುದನ್ನು ದಡದಲ್ಲಿ ಕೂತು ಕಲಿತ ಹಾಗೆ. ಹಾಗಾಗಿ ಗಣ ಅನ್ನುವುದು ಕಿವಿಗೆ ಬೀಳುವ ವಸ್ತು ಅಂತ ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ರಿದನಾ

ಮೂರನೇ ಸಾಲಿನ ನಾಲ್ಕನೇ ಗಣ ನೋಡಿ. ರಿದನಾ. ಇದು ಪದವಲ್ಲ. ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಆದರೆ ಇದರೊಳಗೆ ಏನಿದೆ ಅಂತ ಬಿಡಿಸಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಭಕ್ತರು, ಇದನು, ಆದರದಿ. ಈ ಮೂರು ಪದ ಸಂಧಿಯಾಗಿ ಭಕ್ತರಿದನಾದರದಿ ಆಗಿದೆ. ಗಣ ಕತ್ತರಿಸಿದಾಗ "ರಿದನಾ"ಗೆ ಬಂದದ್ದು ಭಕ್ತರ ಬಾಲ, ಇದನು ಪೂರ್ತಿ, ಆದರದ ತಲೆ. ಕೇಳುವವರು, ಕೇಳಬೇಕಾದ ಕೃತಿ, ಕೇಳುವ ರೀತಿ, ಮೂರೂ ನಾಲ್ಕು ಮಾತ್ರೆಯ ಒಂದು ಮುಷ್ಟಿಯಲ್ಲಿ. ಅರ್ಥ ನೋಡಿ ಬಿಡಿಸಿದರೆ ಮೂವರೂ ಬೇರೆ ಬೇರೆ ನಿಲ್ಲುತ್ತಾರೆ. ಅಜ್ಜಿಯ ಬಾಯಲ್ಲಿ ಅವರು ಬೇರೆಯಾಗಲೇ ಇಲ್ಲ.

ಎರಡನೇ ಸಾಲಿನ "ಪನಿತು" ಕಥೆ ಇನ್ನೊಂದು. ಚಿಕ್ಕವನಿದ್ದಾಗ ಪನಿತು ಅಂದರೆ ಏನೋ ಒಂದು ಸಿಹಿ ವಸ್ತು ಇರಬೇಕು ಅಂದುಕೊಂಡಿದ್ದೆ. ಗುರುಗಳ ಕರುಣದಿಂದ ಪನಿತು ಸಿಗುತ್ತದೆ, ಅದನ್ನು ಹೇಳುತ್ತಾರೆ ಅಂತ. ಅದು "ಆಪನಿತು" ಅಂತ ಗೊತ್ತಾದದ್ದು ದೊಡ್ಡವನಾದ ಮೇಲೆ. ನನ್ನ ಕೈಲಿ ಆಗುವಷ್ಟು ಅಂತ ಅರ್ಥ. ಕವಿ ತನ್ನ ಬಗ್ಗೆ ಇಡೀ ಪಲ್ಲವಿಯಲ್ಲಿ ಹೇಳಿಕೊಂಡ ಮಾತು ಇದೊಂದೇ: ಆದಷ್ಟು ಹೇಳುತ್ತೇನೆ. ಆ ಮಾತಿನ ಮೊದಲಕ್ಷರ "ಆ" ಹಿಂದಿನ ಗಣಕ್ಕೆ ಹೋಗಿ "ದಿಂದಾ" ಒಳಗೆ ಕರಗಿದೆ. ಗುರುಗಳ ಕರುಣೆ ಎಲ್ಲಿ ಮುಗಿಯಿತು, ತನ್ನ ಶಕ್ತಿ ಎಲ್ಲಿ ಶುರುವಾಯಿತು ಅಂತ ಕಿವಿಗೆ ಗೊತ್ತಾಗುವುದಿಲ್ಲ.

ಇನ್ನೂ ಒಂದು ಎಣಿಕೆ ಮಾಡಿದೆ. ಈ ಮೂರು ಸಾಲಿನಲ್ಲಿ ಒಟ್ಟು 41 ಅಕ್ಷರ. ಕೊನೆಯ "ದು" ಗುರು ಅಂತ ಎಣಿಸಿದರೆ ಅದರಲ್ಲಿ 31 ಲಘು, 10 ಗುರು ಮಾತ್ರ. ಅಂದರೆ ಪಲ್ಲವಿ ಹಗುರ ಹೆಜ್ಜೆಯಲ್ಲಿ ಹೋಗುತ್ತದೆ. ಎರಡು ಕಡೆ ಮಾತ್ರ ಗುರುಗಳು ಒತ್ತೊತ್ತಾಗಿ ಬಂದು ಕಾಲು ಊರುತ್ತವೆ. ಒಂದು, ಈಗ ಹೇಳಿದ "ದಿಂದಾ". ಇಡೀ ಪಲ್ಲವಿಯಲ್ಲಿ ಬರೀ ಗುರುಗಳಿಂದ ಆದ ನಾಲ್ಕು ಮಾತ್ರೆಯ ಗಣ ಇದೊಂದೇ. ಇನ್ನೊಂದು "ಭಗವದ್ಭಕ್ತ". ಅಲ್ಲಿ ಭಗವದ್ ಅನ್ನುವ ಗಣ ಗುರುವಿನಲ್ಲಿ ಮುಗಿಯುತ್ತದೆ, ಭಕ್ತ ಅನ್ನುವ ಗಣ ಗುರುವಿನಲ್ಲಿ ಶುರುವಾಗುತ್ತದೆ. ಕವಿ ಕೂತು ಎಣಿಸಿ ಇಟ್ಟರು ಅಂತ ನಾನು ಹೇಳುತ್ತಿಲ್ಲ. ಹಾಡಿಕೊಂಡು ಬರೆಯುವವರ ಕಿವಿ ತೂಕದ ಮಾತನ್ನು ತೂಕದ ಜಾಗಕ್ಕೆ ತಾನೇ ಒಯ್ಯುತ್ತದೆ. ಆದರೆ ಓದುವವನಿಗೆ ಇದು ಕಾಣಬೇಕಾದರೆ ಎಣಿಸಲೇಬೇಕು.

ಇಲ್ಲಿ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಆಪನಿತು ತೆಗೆದು "ಆದಷ್ಟು" ಹಾಕಿದರೆ ಏನಾಗುತ್ತದೆ? ಕರುಣ, ದಿಂದಾ, ದಷ್ಟು, ಪೇಳುವೆ. ಎಣಿಸಿ ನೋಡಿ, ಮಾತ್ರೆ ಸರಿಯಾಗಿ ಕೂರುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು. ಅರ್ಥವೂ ಹೆಚ್ಚು ಕಡಿಮೆ ಅದೇ. ಆದರೆ ಬಾಯಲ್ಲಿ ಹೇಳಿ ನೋಡಿ. "ದಿಂದಾ"ದ ಎರಡು ಗುರು ಆದ ಮೇಲೆ ಮತ್ತೆ "ದಷ್" ಅಂತ ಮೂರನೇ ಗುರು ಬಂದು ಕಾಲಿಗೆ ಕಲ್ಲು ತಾಗಿದ ಹಾಗಾಗುತ್ತದೆ. "ಪನಿತು" ಮೂರೂ ಲಘು. ಭಾರ ಹೊತ್ತು ಮೆಟ್ಟಿಲು ಹತ್ತಿದವರು ಇಳಿಸಿ ಹಗುರಾದ ಹಾಗೆ ಅದು ಜಾರುತ್ತದೆ. ಲೆಕ್ಕ ಎರಡಕ್ಕೂ ಒಂದೇ, ನಡಿಗೆ ಬೇರೆ. ಪ್ರಸ್ತಾರ ಹಾಕಿದ ಮಾತ್ರಕ್ಕೆ ಪದ್ಯ ಕೈಗೆ ಸಿಕ್ಕಿತು ಅಂತ ಯಾರಾದರೂ ಅಂದುಕೊಂಡರೆ ಅವರಿಗೆ ಈ ಎರಡು ಸಾಲನ್ನು ಒಂದರ ಹಿಂದೆ ಒಂದು ಹೇಳಿಸಬೇಕು.

ಆಪನಿತು ಅಂದವರು ಯಾರು ಅನ್ನುವುದೂ ನೆನಪಿರಲಿ. ಮಾನ್ವಿಯ ಶ್ರೀನಿವಾಸಾಚಾರ್ಯರು, ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುತ್ತಾ ತಿರುಗುವ ವಿಜಯದಾಸರನ್ನು ಹಗುರವಾಗಿ ಕಂಡು, ಹೊಟ್ಟೆನೋವಿಂದ ನರಳಿ, ಕೊನೆಗೆ ಅವರ ಶಿಷ್ಯ ಗೋಪಾಲದಾಸರ ಹತ್ತಿರ ಹೋಗಿ ಜಗನ್ನಾಥದಾಸರಾದರು ಅನ್ನುವ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಗೆ ಬದಲಾದ ಮನುಷ್ಯ ತನ್ನ ದೊಡ್ಡ ಕೃತಿಯ ಬಾಗಿಲಲ್ಲೇ "ಗುರುಗಳ ಕರುಣ", "ಆಪನಿತು" ಅನ್ನುತ್ತಾರೆ. ಸಂಸ್ಕೃತದ ತತ್ವವನ್ನೆಲ್ಲ ತಂದು ಕನ್ನಡದ ಷಟ್ಪದಿಯಲ್ಲಿ ಇಡುತ್ತಾರೆ. ಅಜ್ಜಿಯನ್ನು ತಿದ್ದಲು ಹೋದ ದಿನ ಈ ಕಥೆ ನನಗೂ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಲಿಲ್ಲ.

ಮೂರು, ನಾಲ್ಕು

ಇಷ್ಟು ತತ್ವ ಹೇಳಲು ಭಾಮಿನಿಯೇ ಯಾಕೆ? ಷಟ್ಪದಿಯಲ್ಲಿ ಆರು ಬಗೆ ಇವೆ. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ಉಳಿದ ಐದರಲ್ಲೂ ಒಂದೇ ಅಳತೆಯ ಗಣ. ಎಲ್ಲವೂ ಮೂರು, ಇಲ್ಲ ಎಲ್ಲವೂ ನಾಲ್ಕು, ಇಲ್ಲ ಎಲ್ಲವೂ ಐದು. ಭಾಮಿನಿಯಲ್ಲಿ ಮಾತ್ರ ಮೂರು ನಾಲ್ಕು ಕೈ ಹಿಡಿದುಕೊಂಡು ಬರುತ್ತವೆ. ಇದರಿಂದ ಏನು ವ್ಯತ್ಯಾಸ ಅಂತ ತಿಳಿಯಲು ನಾನೇ ಎರಡು ಸಾಲು ಕಟ್ಟಿ ನೋಡಿದೆ. ಬರೀ ನಾಲ್ಕರಲ್ಲಿ: "ಬಾಗಿಲ ತೆರೆದನು ದೀಪವ ಹಿಡಿದನು". ಇದೇ ಮಾತು ಮೂರು ನಾಲ್ಕರಲ್ಲಿ: "ಕದವ ತೆರೆದನು ಹಣತೆ ಹಿಡಿದನು". ಎರಡನ್ನೂ ಹೇಳಿ ನೋಡಿ. ಮೊದಲನೆಯದು ಪ್ರತಿ ಗಣಕ್ಕೂ ಕೂರುತ್ತದೆ. ಬಾಗಿಲು ತೆರೆದದ್ದು ಮುಗಿಯಿತು, ದೀಪ ಹಿಡಿದದ್ದು ಮುಗಿಯಿತು. ಎರಡನೆಯದು ಕೂರುವುದಿಲ್ಲ. ಮೂರು ಮಾತ್ರೆ ಆದಾಗ ಏನೋ ಬಾಕಿ ಉಳಿದಂತಿರುತ್ತದೆ, ನಾಲ್ಕು ಅದನ್ನು ತುಂಬುತ್ತದೆ. ತುಂಬುವಷ್ಟರಲ್ಲಿ ಮತ್ತೆ ಮೂರು ಬಂದು ಎಳೆಯುತ್ತದೆ. ಯಾರೋ ಒಳಗಿಂದ ಬರುತ್ತಿದ್ದಾರೆ, ಮುಂದೆ ಏನೋ ಆಗುತ್ತದೆ ಅನಿಸುತ್ತದೆ, ಅಲ್ವಾ?

ಕಥೆ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ನಡೆ ಬೇಡ. ಗದುಗಿನ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಇದರ ಮೇಲೆ ಹೊರಿಸಿದ. ಪ್ರಭುಲಿಂಗಲೀಲೆಗೆ ಚಾಮರಸನಿಗೂ ಇದೇ ಬೇಕಾಯಿತು. ಹರಿಭಕ್ತಿಸಾರಕ್ಕೆ ಕನಕದಾಸರೂ ಇದನ್ನೇ ಹಿಡಿದರು. 18ನೇ ಶತಮಾನಕ್ಕೆ ಜಗನ್ನಾಥದಾಸರು ಬರುವಷ್ಟರಲ್ಲಿ ನಮ್ಮ ಜನರ ಕಿವಿ ಈ ಮೂರು ನಾಲ್ಕಕ್ಕೆ ಪೂರ್ತಿ ಪಳಗಿತ್ತು. ಅವರು ಹೇಳಬೇಕಾದದ್ದು ಕಥೆಯಲ್ಲ. ದೇವತೆಗಳ ಮೇಲು ಕೆಳಗಿನ ತಾರತಮ್ಯ, ಬಿಂಬ ಪ್ರತಿಬಿಂಬ, ಒಂದೊಂದು ಇಂದ್ರಿಯದಲ್ಲಿ ಯಾವ ದೇವತೆ, ಹೀಗೆ 32 ಸಂಧಿಗಳಷ್ಟು ಗಟ್ಟಿ ವಿಷಯ. ಸುಮ್ನೆ ಗದ್ಯದಲ್ಲಿ ಹೇಳಿದರೆ ಪಂಡಿತರ ಹತ್ತಿರವೇ ಉಳಿಯುತ್ತಿತ್ತು. ಕಥೆಯ ನಡೆಗೆ ಏರಿಸಿದ್ದರಿಂದ ಅದು ಬತ್ತಿ ಹೊಸೆಯುವವರ ಬಾಯಿಗೂ ಬಂತು. ಅಜ್ಜಿಗೆ ಆ ತತ್ವವೆಲ್ಲ ಅರ್ಥವಾಗಿತ್ತಾ ಅಂತ ಯಾರಾದರೂ ಕೇಳಬಹುದು. ಎಷ್ಟೋ ಆಗಿತ್ತು, ಎಷ್ಟೋ ಇರಲಿಲ್ಲ. ಆದರೆ ಅರ್ಥವಾಗದ ಸಾಲನ್ನೂ ಒಂದು ಮಾತ್ರೆ ಕೆಡಿಸದೆ ಕಾಪಾಡಿ ಮುಂದಿನವರಿಗೆ ಕೊಟ್ಟಳು. ಅದು ಸಣ್ಣ ಕೆಲಸ ಅಂತ ನನಗೆ ಅನಿಸುವುದಿಲ್ಲ.

ಸಂಗೀತ ಬಲ್ಲವರಿಗೆ ಮೂರು ನಾಲ್ಕು ಸೇರಿದ ಏಳು ಅಂದರೆ ಮಿಶ್ರ ಛಾಪು ತಾಳ. ಆ ಲೆಕ್ಕದಲ್ಲಿ ನೋಡಿದರೆ ಇನ್ನೊಂದು ಚೆಲುವು ಕಾಣುತ್ತದೆ. ಮೊದಲ ಸಾಲು 14 ಮಾತ್ರೆ, ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು. ಎರಡನೆಯದೂ ಹಾಗೇ. ಮೂರನೆಯದರಲ್ಲಿ 21 ಮಾತ್ರೆ, ಮೂರು ಆವರ್ತ, ಆಮೇಲೆ ಒಂದು ಗುರು. ಒಟ್ಟು 51. ಆ ಕೊನೆಯ ಗುರು ಎಂಟನೇ ಆವರ್ತವನ್ನು ಶುರು ಮಾಡುತ್ತದೆ, ಮುಗಿಸುವುದಿಲ್ಲ. ಎಂಟು ಆವರ್ತಕ್ಕೆ 56 ಆಗಬೇಕು. ಉಳಿದ ಐದು ಮಾತ್ರೆಗೆ ಅಕ್ಷರವೇ ಇಲ್ಲ. ಅದು ಖಾಲಿ. "ಕೇಳುವುದೂ" ಅಂತ ಅಜ್ಜಿ ಎಳೆದು, ಉಸಿರು ತೆಗೆದುಕೊಳ್ಳುತ್ತಿದ್ದದ್ದು ಆ ಖಾಲಿಯಲ್ಲಿ. ಪುಸ್ತಕದಲ್ಲಿ "ದು" ಅಂತ ಲಘುವಾಗಿ ಬರೆದು, ಕೊನೆಯದ್ದನ್ನು ಗುರು ಅಂತ ಎಣಿಸಿ ಅಂತ ಮೇಷ್ಟ್ರು ಹೇಳಿದಾಗ ಇದು ಯಾವ ನ್ಯಾಯ ಅನಿಸಿತ್ತು. ಹಾಡಿದವರಿಗೆ ಆ ಪ್ರಶ್ನೆಯೇ ಬರುವುದಿಲ್ಲ.

ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಹೀಗೆ ಹೇಳುವುದಿಲ್ಲವಲ್ಲ ಅಂತ ನೀವು ಕೇಳಬಹುದು. ಹೌದು. ಗಮಕಕ್ಕೆ ತಾಳದ ಕಟ್ಟಿಲ್ಲ. ಅವರು ರಾಗದಲ್ಲಿ ತೇಲಿಸುತ್ತಾ ಅರ್ಥ ಕೆಡದ ಹಾಗೆ ಪದ ಒಡೆಯುತ್ತಾರೆ. ಸಭೆಯಲ್ಲಿ ಕೂತು ಮೊದಲ ಸಲ ಕೇಳುವವರಿಗೆ ಹಾಗೇ ಹೇಳಬೇಕು. ಅಲ್ಲಿ ನಾನು ಅಜ್ಜಿಗೆ ಹೇಳಿದ ಮಾತೇ ಸರಿ. ಆದರೆ ಅಜ್ಜಿ ಯಾರಿಗೂ ಅರ್ಥ ಹೇಳುತ್ತಿರಲಿಲ್ಲ. ಅವಳದ್ದು ಪಾರಾಯಣ. ಪಾರಾಯಣಕ್ಕೆ ನಡೆ ಬೇಕು. ನಡೆಯನ್ನು ಕಿತ್ತುಕೊಂಡು ಅರ್ಥ ಕೊಟ್ಟೆ, ನೆನಪು ನಡೆಯ ಜೊತೆಗೇ ಹೋಯಿತು. ಮುಂದಿನ ಗಣವನ್ನು ಹಿಂದಿನ ಗಣ ಎಳೆದು ತರುತ್ತಿತ್ತು. ಆ ಕೊಂಡಿಯನ್ನು ನಾನು ಬಿಚ್ಚಿದ್ದೆ.

ಸಮೀರ ಎರಡು ತುಂಡು

ಪಲ್ಲವಿ ಬಿಟ್ಟು ಮೊದಲ ಪದ್ಯಕ್ಕೆ ಬಂದಾಗ ನನ್ನ ತಿಳುವಳಿಕೆ ಇನ್ನೊಮ್ಮೆ ಬದಲಾಯಿತು. ಮಂಗಳಾಚರಣೆಯ ಆ ಪದ್ಯದ ಮೊದಲ ಅರ್ಧವನ್ನು ಸಾಲು ಹಿಡಿದು ಬರೆದರೆ ಹೀಗೆ ಬರುತ್ತದೆ:

ಶ್ರೀರಮಣಿಕರಕಮಲಪೂಜಿತ
ಚಾರುಚರಣಸರೋಜ ಬ್ರಹ್ಮಸ
ಮೀರವಾಣಿಫಣೀಂದ್ರವೀಂದ್ರಭವೇಂದ್ರಮುಖವಿನುತ

ಎರಡನೇ ಸಾಲಿನ ಕೊನೆ ನೋಡಿ. ಸಮೀರ ಅನ್ನುವ ಪದ, ಅದೂ ವಾಯುದೇವರ ಹೆಸರು, ಎರಡು ತುಂಡಾಗಿದೆ. "ಸ" ಒಂದು ಸಾಲಿನಲ್ಲಿ, "ಮೀರ" ಮುಂದಿನ ಸಾಲಿನಲ್ಲಿ. ಯಾಕೆ ಅಂತ ನೋಡಿದರೆ ಪ್ರಾಸ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ರಕಾರ ಬೇಕು. ಶ್ರೀರ, ಚಾರು, ಮೀರ. ಕೆಳಗಿನ ಅರ್ಧದಲ್ಲಿ ನೀರ, ಕಾರ, ನಾರ. ಮೊದಲಕ್ಷರ ಎಲ್ಲಾ ಕಡೆ ದೀರ್ಘ. ಪಲ್ಲವಿಯಲ್ಲೂ ರಕಾರವೇ, ಆದರೆ ಅಲ್ಲಿ ಹರಿ, ಕರು, ಪರ, ಮೊದಲಕ್ಷರ ಎಲ್ಲಾ ಹ್ರಸ್ವ. "ಸಮೀರ"ದಲ್ಲಿ "ಸ" ಮುಂದೆ ಇದ್ದರೆ ರಕಾರ ಮೂರನೇ ಅಕ್ಷರಕ್ಕೆ ಹೋಗುತ್ತದೆ. ಹಾಗಾಗಿ "ಸ" ಹಿಂದೆ ಉಳಿಯಿತು. ಕನಕದಾಸರ ಹರಿಭಕ್ತಿಸಾರದ ಮೊದಲ ಪದ್ಯ ತೆಗೆದರೂ ಇದೇ ಕೆಲಸ. "ಶ್ರೀಯರಸ ಗಾಂಗೇಯನುತ ಕೌಂ / ತೇಯವಂದಿತ ಚರಣ ಕಮಲದ / ಳಾಯತಾಂಬಕ". ಅಲ್ಲಿ ಕೌಂತೇಯ ಒಡೆದಿದ್ದಾನೆ, ಕಮಲದಳ ಒಡೆದಿದೆ, ಯಕಾರ ಮಾತ್ರ ತನ್ನ ಜಾಗ ಬಿಟ್ಟಿಲ್ಲ. ಆ ಪದ್ಯದ ಕೊನೆಗೆ ಬರುವ "ರಕ್ಷಿಸು ನಮ್ಮನನವರತ" ಕೂಡ ಗಣಕ್ಕೆ ಹೇಗೆ ಕೂತಿದೆ ನೋಡಿ. ರಕ್ಷಿಸು, ನಮ್ಮ, ನನವರ, ತ. ನಾಲ್ಕು, ಮೂರು, ನಾಲ್ಕು, ಕೊನೆಯ ಗುರು. ಪದ್ಯ ಪದ್ಯಕ್ಕೂ ಬರುವ ಆ ಮೊರೆ ಷಟ್ಪದಿಯ ಬಾಲಕ್ಕೆ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಹೊಂದುತ್ತದೆ.

ನನಗೆ ಕೊರೆಯುತ್ತಿದ್ದದ್ದು ಸಮೀರ. ಸಾಲಿನ ಕೊನೆಗೆ "ಬ್ರಹ್ಮಸ" ಅಂತ ನಿಲ್ಲಿಸಿದರೆ ಕೇಳಲು ಕಷ್ಟ. ಅಜ್ಜಿ ಅಲ್ಲಿ ಏನು ಮಾಡುತ್ತಿದ್ದಳು? ಅದರ ಹಿಂದೆ ಇನ್ನೊಂದು ತೊಡಕೂ ಇದೆ. "ಸರೋಜ" ಆದ ಕೂಡಲೇ "ಬ್ರಹ್ಮ" ಬರುತ್ತದೆ. ಒತ್ತಕ್ಷರದ ಹಿಂದಿನ "ಜ" ಗುರುವಾದರೆ ಒಂದು ಮಾತ್ರೆ ಹೆಚ್ಚುತ್ತದೆ, ಗಣ ಕೆಡುತ್ತದೆ. ವ್ಯಾಕರಣ ಬಲ್ಲವರು ಶಿಥಿಲದ್ವಿತ್ವ ಅನ್ನುತ್ತಾರೆ. ಒತ್ತನ್ನು ತೇಲಿಸಿ ಹೇಳಿದರೆ ಹಿಂದಿನ ಅಕ್ಷರ ಲಘುವಾಗೇ ಉಳಿಯುತ್ತದೆ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇದನ್ನು ಹೇಳಿದ್ದಾನೆ. ಆದರೆ ಅಜ್ಜಿಯ ಬಾಯಿ ಅಲ್ಲಿ ತೇಲಿಸುತ್ತಿತ್ತಾ? ನೆನಪು ಮಾಡಿಕೊಳ್ಳಲು ಎಷ್ಟು ಕಣ್ಣು ಮುಚ್ಚಿದರೂ ಪಲ್ಲವಿ ಕೇಳಿಸುತ್ತದೆ, ಈ ಸಾಲು ಕೇಳಿಸುವುದಿಲ್ಲ.

ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅಜ್ಜಿಯ ಹಿರಿಮಗಳು. ಅಜ್ಜಿಯ ಪಕ್ಕದಲ್ಲಿ ಕೂತು ಅದೇ ತಟ್ಟೆಯ ಹತ್ತಿಯಲ್ಲಿ ಬತ್ತಿ ಮಾಡಿದವಳು. "ಶ್ರೀರಮಣಿಕರಕಮಲ ಒಂದ್ಸಲ ಅನ್ನು ದೊಡ್ಡಮ್ಮ, ಅಜ್ಜಿ ಅಂತಿದ್ದಂಗ" ಅಂದೆ. "ಈಗೇನು ನೆನಪಾತು?" ಅಂತ ಕೇಳಿದಳು, ಆದರೆ ಉತ್ತರಕ್ಕೆ ಕಾಯಲಿಲ್ಲ. ಶುರು ಮಾಡಿದಳು. ನಾನು ಪೆನ್ಸಿಲ್ ಹಿಡಿದು ಅವಳು ಎಲ್ಲಿ ನಿಲ್ಲುತ್ತಾಳೆ ಅಂತ ಗುರುತು ಹಾಕಲು ಕೂತಿದ್ದೆ. "ಸರೋಜಬ್ರಹ್ಮ" ತೇಲಿಕೊಂಡು ಹೋಯಿತು. "ಜ" ಎಳ್ಳಷ್ಟೂ ಭಾರವಾಗಲಿಲ್ಲ. ಮುಂದೆ "ಬ್ರಹ್ಮಸ" ಹತ್ತಿರ ಉಸಿರು ಬಿಗಿ ಹಿಡಿದೆ. ಅವಳು ಅಲ್ಲಿ ನಿಲ್ಲಲೇ ಇಲ್ಲ. ಬ್ರಹ್ಮಸಮೀರವಾಣಿ ಅಂತ ಒಂದೇ ಎಳೆಯಾಗಿ ಹೋಯಿತು. ಸಾಲು ಮುರಿದದ್ದು ಕಾಗದದ ಮೇಲೆ ಮಾತ್ರ. 14 ಮಾತ್ರೆಗೆ ಎರಡು ಆವರ್ತ ಸರಿಯಾಗಿ ಮುಗಿಯುತ್ತದೆ, ನಿಲ್ಲಲು ಅಲ್ಲಿ ಜಾಗವೇ ಇಲ್ಲ. ಪುಸ್ತಕದಲ್ಲಿ ಎರಡು ತುಂಡಾದ ಸಮೀರ ಬಾಯಲ್ಲಿ ಇಡಿಯಾಗೇ ಇದ್ದ. "ಸ" ಆದ ಮೇಲೆ "ಮೀ" ಮೇಲೆ ಒಂದು ಸಣ್ಣ ಒತ್ತು ಬಿತ್ತು, ಅಷ್ಟೆ. ಛಂದಸ್ಸು ಪದವನ್ನು ಮುರಿಯುತ್ತದೆ ಅಂತ ನಾನು ಇಲ್ಲಿಯವರೆಗೆ ಬರೆದದ್ದನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಹರಿಕ, ಥಾಮೃತ ಅಂತ ನಾನು ಅಲ್ಪವಿರಾಮ ಹಾಕಿ ಬರೆದಿದ್ದೇನೆ. ಅಜ್ಜಿ ಅಲ್ಲಿ ನಿಲ್ಲುತ್ತಿರಲಿಲ್ಲ. ಒತ್ತಿ ಮುಂದೆ ಹೋಗುತ್ತಿದ್ದಳು.

ದೊಡ್ಡಮ್ಮ "ಮುಖವಿನುತ" ಅಂತ ಎಳೆದು ನಿಂತಳು. ಅವಳು ಉಸಿರು ತೆಗೆದುಕೊಂಡದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ "ನೀರಜಭವಾಂಡೋದಯಸ್ಥಿತಿ". ಮತ್ತೆ "ಮಂಗಳವ" ಬರುವವರೆಗೆ ನಿಲ್ಲಲಿಲ್ಲ. ಪದ್ಯ ಮುಗಿದ ಮೇಲೆ ನಾನು ಕೇಳಿದೆ, "ಅಜ್ಜಿನೂ ಅಲ್ಲೇ ಉಸಿರು ತಗೋತಿದ್ದಳೇನು? ವಿನುತ ಅಂದ ಮ್ಯಾಲೆ?"

"ಅಲ್ಲೇ" ಅಂದಳು ದೊಡ್ಡಮ್ಮ. "ಅಲ್ಲೇ ಒಂದು ಬತ್ತಿ ಮುಗಿಯೂದು. ವಿನುತ ಅಂತ ಎಳೀತಾ ತಟ್ಟಿಗೆ ಹಾಕಾಕಿ. ಮತ್ತ ಹತ್ತಿ ತಗೊಂಡು, ಬೆರಳು ಹಾಲಾಗ ಅದ್ದಿ, ನೀರಜಭವಾ ಅನ್ನಾಕಿ."